ತೊಂಬತ್ತು ಮೀಟರ್ ನೀರು

ಏಳನೆಯ ಬಟ್ಟಲಿನ ಕಾಫಿಯನ್ನೂ ತಂಗಿ ಉಗುಳಿದಳು. ಉಗುಳುವುದರಲ್ಲೂ ಅವಳದೊಂದು ಮರ್ಯಾದೆ ಇತ್ತು; ಕತ್ತು ಬಾಗಿಸಿ, ಸದ್ದಾಗದ ಹಾಗೆ ತೊಟ್ಟಿಗೆ ಬಿಟ್ಟು, ನಲ್ಲಿ ತಿರುಗಿಸಿ, ಕಂದು ಬಣ್ಣ ಪೂರ್ತಿ ಹರಿದು ಹೋಗುವ ತನಕ ನೋಡುತ್ತ ನಿಲ್ಲುವಳು. ರುಚಿ ನೋಡುವವರೆಲ್ಲ ಉಗುಳುತ್ತಾರೆ, ನುಂಗುತ್ತ ಹೋದರೆ ಮಧ್ಯಾಹ್ನದೊಳಗೆ ಎದೆ ಡವಡವ ಅನ್ನುತ್ತದೆ ಎಂದು ಅವಳೇ ಮೊದಲ ದಿನ ಹೇಳಿದ್ದಳು. ಹೇಳಿದ್ದು ಅಣ್ಣನಿಗೆ ಅರ್ಥವಾಗಿತ್ತು. ಆದರೆ ಅರ್ಥವಾದದ್ದೆಲ್ಲ ಹೊಟ್ಟೆಗೆ ಇಳಿಯಬೇಕೆಂದಿಲ್ಲವಲ್ಲ. ಐವತ್ತೊಂಬತ್ತು ವರ್ಷದ ಮನುಷ್ಯ, ಮನೆಗೆ ಹಿರಿಯ, ತಾನು ಮಾಡಿಕೊಟ್ಟದ್ದನ್ನು ಒಡಹುಟ್ಟಿದವಳು ಬಾಯಿಂದ ಹೊರಗೆ ಹಾಕುವುದನ್ನು ಮೂರು ವಾರದಿಂದ, ದಿನಕ್ಕೆ ಹತ್ತು ಹನ್ನೆರಡು ಸಲ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ನೋಡುತ್ತಿದ್ದಾನೆ.

"ಹುಳಿ," ಎಂದಳು.

"ಹುಳೀನಾ?"

"ಹುಳಿ ಅಣ್ಣ. ಹಣ್ಣಿನ ಹುಳಿ ಅಲ್ಲ, ಹೀಚುಕಾಯಿ ಹುಳಿ. ಎಷ್ಟು ಸೆಕೆಂಡಲ್ಲಿ ಬಂತು?"

"ಹದಿನೇಳು."

"ಮತ್ತೆ? ನಲ್ಲಿ ಬಿಟ್ಟ ಹಾಗೆ ಬಂದಿದೆ. ಪುಡಿ ಇನ್ನೂ ಸಣ್ಣ ಆಗ್ಬೇಕು."

"ಅದಕ್ಕೆ ಮುಂಚಿನದು ಐವತ್ತು ಸೆಕೆಂಡ್ ತಗೊಂಡಿತ್ತಲ್ಲಮ್ಮ. ಆವಾಗ ಕಹಿ ಅಂದೆ. ದಪ್ಪ ಮಾಡು ಅಂದೆ. ಮಾಡಿದೆ."

"ಮಾಡಿದೆ, ಗೊತ್ತು," ಎಂದು ಅವಳು ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತಳು. ಮೊಣಕೈ ತನಕ ಪಟ್ಟಿ ಸುತ್ತಿದ ಕೈ. ಎಂಟು ವರ್ಷ ದಿನಕ್ಕೆ ಇನ್ನೂರು ಸಲ ಪುಡಿ ಒತ್ತಿ ಒತ್ತಿ, ಇನ್ನೂರು ಸಲ ಪುಡಿಯ ಹ್ಯಾಂಡಲನ್ನು ಕಾಫಿ ಯಂತ್ರಕ್ಕೆ ತಿರುಗಿಸಿ ಸಿಕ್ಕಿಸಿ, ಮಣಿಕಟ್ಟಿನ ಒಳಗೆ ಏನೋ ಹರಿದಿದೆಯೆಂದು ಡಾಕ್ಟರು ಹೇಳಿದ್ದರು. ಇನ್ನು ಅವಳು ಯಂತ್ರ ಮುಟ್ಟುವ ಹಾಗಿಲ್ಲ. ನಾಳೆಯಿಂದ ಬೇರೆ ಅಂಗಡಿಯಲ್ಲಿ ಪಳಗಿದ ಒಬ್ಬ ಕೆಲಸಗಾರ ಬರುತ್ತಾನೆ. ಅವನಿಗೆ ಮಾತು ಕೊಟ್ಟಾಗಿದೆ, ಆದರೆ ಅರ್ಧ ಮಾತು. ಉಳಿದರ್ಧ ಅಣ್ಣನದು. ಇವತ್ತು ಹತ್ತಕ್ಕೆ ಬಾಗಿಲು ತೆಗೆಯುವುದರೊಳಗೆ ಒಂದೇ ಒಂದು ಬಟ್ಟಲು ಸರಿಯಾಗಿ ಬಂದರೆ ಯಂತ್ರ ಅಣ್ಣನಿಗೆ, ಇಲ್ಲದಿದ್ದರೆ ಅವನು ಮೊದಲಿನ ಹಾಗೆ ಬಟ್ಟಲು ತೊಳೆಯುವುದು. ತೊಳೆಯುವುದರಲ್ಲಿ ಅವನಿಗೆ ಅವಮಾನವಿರಲಿಲ್ಲ, ಒಂದು ವರ್ಷದಿಂದ ತೊಳೆದಿದ್ದಾನೆ, ಬಟ್ಟಲಿನ ಹಿಡಿಯ ಸಂದಿಯಲ್ಲಿ ಒಂದು ಕಲೆ ಉಳಿಯಲು ಬಿಟ್ಟವನಲ್ಲ. ಯಂತ್ರವೂ ಅವನಿಗೆ ಅಂಥ ಬೇಕಾದ ವಸ್ತುವಾಗಿರಲಿಲ್ಲ. ಅವನಿಗೆ ಬೇಕಾದದ್ದು ಒಂದೇ. ತಾನು ಮಾಡಿಕೊಟ್ಟ ಒಂದು ಬಟ್ಟಲನ್ನು ಅವಳು ನುಂಗಬೇಕು. ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂದರೆ ಸಾಕು.

ಗೋಡೆಯ ಗಡಿಯಾರ ಒಂಬತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಅವನು ಗ್ರೈಂಡರಿನ ಕತ್ತಿನಲ್ಲಿರುವ ಉಂಗುರವನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದ. ಕೂದಲೆಳೆಯಷ್ಟೇ. ಉಂಗುರ ಅಷ್ಟು ಸರಿದರೆ ಒಳಗಿನ ಎರಡು ಉಕ್ಕಿನ ಹಲ್ಲುಚಕ್ರಗಳು ಕಣ್ಣಿಗೆ ಕಾಣದಷ್ಟು ಹತ್ತಿರವಾಗುತ್ತವೆ, ಬೀಜ ಅಷ್ಟು ಸಣ್ಣಗಾಗುತ್ತದೆ, ನೀರಿಗೆ ದಾರಿ ಅಷ್ಟು ಕಷ್ಟವಾಗುತ್ತದೆ. ಲೆಕ್ಕ ಕೇಳಿದರೆ ಮಗುವಿಗೂ ಬಾಯಿಪಾಠವಾಗುವಂಥದ್ದು: ಹದಿನೆಂಟು ಗ್ರಾಂ ಪುಡಿ, ಅದನ್ನು ಒತ್ತಿ ಬಿಲ್ಲೆ ಮಾಡಬೇಕು, ಬಿಲ್ಲೆಯ ಮೂಲಕ ಕುದಿಯುವುದಕ್ಕೆ ಸ್ವಲ್ಪ ಕೆಳಗಿನ ಬಿಸಿನೀರನ್ನು ಒಂಬತ್ತು ಬಾರ್ ಒತ್ತಡದಲ್ಲಿ ನುಗ್ಗಿಸಬೇಕು, ಮೂವತ್ತು ಸೆಕೆಂಡಿನ ಆಸುಪಾಸಿನಲ್ಲಿ ಮೂವತ್ತಾರು ಗ್ರಾಂ ಕಾಫಿ ಇಳಿಯಬೇಕು. ಬೇಗ ಇಳಿದರೆ ನೀರು ಪುಡಿಯನ್ನು ಮಾತಾಡಿಸದೆ ಬಂದಿದೆ ಎಂದರ್ಥ, ಹುಳಿ. ತಡವಾದರೆ ಮಾತಾಡಿಸಿ ಮಾತಾಡಿಸಿ ಪುಡಿಯ ಹೊಟ್ಟೆಯಲ್ಲಿದ್ದ ಕೆಟ್ಟ ಮಾತೆಲ್ಲ ಹೊರಡಿಸಿಕೊಂಡು ಬಂದಿದೆ, ಕಹಿ. ಎಸ್ಪ್ರೆಸೊ ಅಂದರೆ ಇಷ್ಟೇ. ಇಷ್ಟೇ ಎಂದುಕೊಂಡೇ ಮೂರು ವಾರ ಕಳೆದಿತ್ತು.

ಒಂಬತ್ತು ಬಾರ್ ಎನ್ನುವುದು ಮಾತ್ರ ಅವನ ಬಾಯಿಪಾಠವಾಗಿರಲಿಲ್ಲ, ಮೈಯಲ್ಲೇ ಇತ್ತು. ಮೂವತ್ತನಾಲ್ಕು ವರ್ಷ ಊರಿಗೆ ನೀರು ಬಿಟ್ಟವನು ಅವನು. ಅವನ ಹೆಸರನ್ನು ಹೆಂಡತಿಯೂ ಮರೆತಿದ್ದಳೇನೋ, ಎಲ್ಲರಿಗೂ ಅವನು ನೀರಗಂಟಿ. ಹೆಗಲ ಮೇಲೆ ಆಳೆತ್ತರದ ಕಬ್ಬಿಣದ ಕೀಲಿ ಇಟ್ಟುಕೊಂಡು ಬೀದಿಯಿಂದ ಬೀದಿಗೆ ನಡೆದು, ಗುಂಡಿಯ ಮುಚ್ಚಳ ತೆಗೆದು, ಕೀಲಿ ಇಳಿಸಿ, ವಾಲ್ವ್ ತಿರುಗಿಸಿ, ನೆಲದಡಿಯಲ್ಲಿ ನೀರು ಗುಟುರು ಹಾಕಿಕೊಂಡು ಹೊರಡುವುದನ್ನು ಅಂಗಾಲಿನಿಂದ ಕೇಳಿಸಿಕೊಂಡವನು. ವಾಲ್ವುಗಳೆಲ್ಲ ಎಲ್ಲೋ ಆಫೀಸಿನಲ್ಲಿರುವ ಸ್ವಿಚ್ಚುಗಳ ಮಾತು ಕೇಳತೊಡಗಿದ ಮೇಲೆ ಅವನ ಕೀಲಿಗೆ ಕೆಲಸ ತಪ್ಪಿತು. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್. ಅವನ ಟ್ಯಾಂಕು ಇಪ್ಪತ್ತೆಂಟು ಮೀಟರ್, ಮೆಟ್ಟಿಲು ನೂರಾ ಅರವತ್ತೆರಡು; ಮೇಲೆ ನಿಂತರೆ ಊರೆಲ್ಲ ಬೆಂಕಿಪೊಟ್ಟಣ ಸುರಿದಂತೆ ಕಾಣುತ್ತಿತ್ತು, ಆ ಎತ್ತರದಿಂದ ಬಿದ್ದ ನೀರಿಗೂ ಮೂರು ಬಾರ್ ಹುಟ್ಟುತ್ತಿರಲಿಲ್ಲ. ಒಮ್ಮೆ ಪಂಪ್‌ಹೌಸಿನ ಹತ್ತಿರ ಆರು ಬಾರಿಗೆ ಪೈಪು ಸೀಳಿ, ರಸ್ತೆಯ ಚಪ್ಪಡಿಕಲ್ಲು ಎದ್ದು ಎದುರು ಮನೆಯ ಜಗಲಿಯಲ್ಲಿ ಕೂತಿತ್ತು. ಒಂಬತ್ತು ಬಾರ್ ಅಂದರೆ ತೊಂಬತ್ತು ಮೀಟರ್ ನೀರು. ಮೂರು ಟ್ಯಾಂಕು ಒಂದರ ತಲೆಯ ಮೇಲೊಂದು ನಿಲ್ಲಿಸಿ, ಅದರ ಬುಡದಲ್ಲಿ ಒಂದು ಹಿಡಿ ಪುಡಿ ಇಟ್ಟ ಹಾಗೆ. ಆ ಭಾರವನ್ನೆಲ್ಲ ಈ ಮೇಜಿನ ಮೇಲಿನ ಪೆಟ್ಟಿಗೆ ಹೊತ್ತುಕೊಂಡಿದೆ, ಮೇಲೆ ಇಟ್ಟ ಬಟ್ಟಲುಗಳು ಕಿಣಿ ಅನ್ನದ ಹಾಗೆ.

ಇದು ಅವನಿಗೆ ತಿಳಿದದ್ದು ಯಂತ್ರದ ಮುಂದೆ ನಿಂತ ಮೂರನೆಯ ದಿನ, ಮುಳ್ಳು ಒಂಬತ್ತಕ್ಕೆ ಹೋಗಿ ನಿಂತದ್ದನ್ನು ಕಂಡಾಗ. ಒಂದು ಹೆಜ್ಜೆ ಹಿಂದೆ ಸರಿದಿದ್ದ. ತಂಗಿ, "ಏನಾಯ್ತಣ್ಣ?" ಎಂದರೆ, "ಏನಿಲ್ಲ," ಎಂದಿದ್ದ. ಏನಿಲ್ಲ ಎಂದು ಹೇಗೆ ಹೇಳಿದೆ ಎಂದು ಆ ರಾತ್ರಿಯಿಡೀ ಕೊರೆಯಿತು. ಎಂಟು ವರ್ಷದ ಹಿಂದೆ ಇದೇ ಯಂತ್ರದ ಮುಂದೆ ನಿಂತು ಅವನು ಬೇರೆ ಮಾತು ಆಡಿದ್ದ. ಅಂಗಡಿ ತೆರೆದ ದಿನ. ಚಿಕ್ಕಪ್ಪ, ಅತ್ತೆ, ಭಾವಮೈದುನರು, ಅವರ ಮಕ್ಕಳು, ಎಲ್ಲ ಸೇರಿ ಕಾಲಿಡಲು ಜಾಗವಿರಲಿಲ್ಲ. ಗಂಡ ತೀರಿಕೊಂಡು ಎರಡು ವರ್ಷ ಎಲ್ಲೆಲ್ಲೋ ಹೋಗಿ ಕೆಲಸ ಕಲಿತುಬಂದ ತಂಗಿ ಹೊಸ ಏಪ್ರನ್ ಕಟ್ಟಿಕೊಂಡು, ಬೆವರುತ್ತ, ಮೊದಲ ಬಟ್ಟಲು ಮನೆಯ ಹಿರಿಯನಿಗೆ ಎಂದು ತಟ್ಟೆಯ ಮೇಲಿಟ್ಟು ಎರಡೂ ಕೈಯಿಂದ ತಂದುಕೊಟ್ಟಿದ್ದಳು. ಬಟ್ಟಲಿನ ತಳದಲ್ಲಿ ಎರಡು ಗುಟುಕು. ಅವನು ಅದನ್ನು ಬೆಳಕಿಗೆ ಹಿಡಿದು, "ಇದೇನಮ್ಮ, ಪೋಲಿಯೋ ಹನೀನಾ? ಎಲ್ಲರೂ ಸಾಲಾಗಿ ನಿಂತು ಬಾಯಿ ತೆಗೀರಪ್ಪ!" ಎಂದಿದ್ದ. ಅಂಗಡಿ ಬಿದ್ದು ಬಿದ್ದು ನಕ್ಕಿತ್ತು. ತುಟಿಗೆ ತಾಗಿಸಿ, ಮುಖ ಕಿವುಚಿ, "ಆನೆಯಂಥ ಯಂತ್ರ, ಇಲಿಯಷ್ಟು ಉಚ್ಚೆ," ಎಂದಾಗ ಮತ್ತೂ ಜೋರು. ಒಂದು ಲೋಟ ಬಿಸಿನೀರು, ಮೂರು ಚಮಚ ಸಕ್ಕರೆ ತರಿಸಿ ಅದರಲ್ಲಿ ಆ ಬಟ್ಟಲನ್ನು ಮುಳುಗಿಸಿದ್ದ. ನೀರು ತಂದುಕೊಟ್ಟವಳು ಅವಳೇ. ಅವಳೂ ನಕ್ಕಿದ್ದಳು. ಅದೇ ಈಗ ಚುಚ್ಚುವುದು. ಅತ್ತಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಅವತ್ತಿನಿಂದ ಅವಳು ಅವನ ಮುಂದೆ ಕಾಫಿ ಇಟ್ಟವಳಲ್ಲ. ಬಂದರೆ ಟೀ. ಈ ಒಂದು ವರ್ಷ ಅಂಗಡಿಯಲ್ಲೇ ಇದ್ದರೂ ಟೀ, ಕೇಳದೆಯೇ, ಸಕ್ಕರೆ ಸರಿಯಾಗಿ ಹಾಕಿ.

"ಅಣ್ಣ, ಒತ್ತೋವಾಗ ಮೊಣಕೈ ನೆಟ್ಟಗೆ."

"ನೆಟ್ಟಗಿದೆ."

"ಪಿಸಾ ಗೋಪುರ ನೆಟ್ಟಗಿದ್ದ ಹಾಗೆ ಇದೆ."

ಅವನು ಸರಿಪಡಿಸಿಕೊಂಡ. ಒತ್ತುವ ಉಕ್ಕಿನ ಗುಂಡು ಅರ್ಧ ನೂಲು ವಾಲಿದರೂ ಬಿಲ್ಲೆ ಒಂದು ಕಡೆ ಗಟ್ಟಿ, ಒಂದು ಕಡೆ ಸಡಿಲ. ನೀರು ಸೋಮಾರಿ, ಸಡಿಲ ಎಲ್ಲಿದೆಯೆಂದು ಅದಕ್ಕೆ ಮೊದಲೇ ಗೊತ್ತು, ಅಲ್ಲೇ ಬಿಲ ತೋಡಿಕೊಂಡು ಇಳಿದುಬಿಡುತ್ತದೆ. ಇದನ್ನು ಯಾರೂ ಅವನಿಗೆ ಕಲಿಸಬೇಕಾಗಿರಲಿಲ್ಲ. ಎಂಟನೆಯ ಬಟ್ಟಲು. ಇಪ್ಪತ್ತೆರಡು ಸೆಕೆಂಡು. ತಂಗಿ ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದಳು. ಅವನ ಕಣ್ಣು ಅವಳ ಗಂಟಲ ಮೇಲೆ. ಅವಳು ತೊಟ್ಟಿಗೆ ಬಾಗಿದಳು.

"ಪರವಾಗಿಲ್ಲ. ಇನ್ನೂ ಹುಳಿ. ಇನ್ನೊಂಚೂರು ಸಣ್ಣ."

ಒಂಚೂರು ಎಂದರೆ ಎಷ್ಟು? ಅವನು ಎರಡು ಕೂದಲೆಳೆ ತಿರುಗಿಸಿದ. ಒಂಬತ್ತನೆಯದು ನಲವತ್ತಾರು ಸೆಕೆಂಡು, ತೊಟ್ಟು ತೊಟ್ಟಾಗಿ, ಸೋರುವ ನಲ್ಲಿಯ ಹಾಗೆ. ಅವಳು ಬಾಯಿಗೆ ಹಾಕಿಕೊಳ್ಳಲೇ ಇಲ್ಲ. ಬಣ್ಣ ನೋಡಿ ಸುರಿದಳು. ಮೂರು ವಾರವೂ ಇದೇ ಹಾಡು. ಒಂದು ದಡದಿಂದ ಇನ್ನೊಂದು ದಡಕ್ಕೆ. ನಡುವೆ ಎಲ್ಲೋ ಇದೆಯಂತೆ, ಅವನ ಕಾಲಿಗೆ ಸಿಗುತ್ತಿಲ್ಲ. ಅವಳದಾದರೆ ಬೆಳಿಗ್ಗೆ ಎರಡು, ಹೆಚ್ಚೆಂದರೆ ಮೂರು, ಅಷ್ಟರಲ್ಲಿ ಸರಿಹೋಗುತ್ತಿತ್ತು. ಹಾಗಿದ್ದರೂ ಅವಳು ಪೋಲು ಮಾಡುವುದೇ ಹೆಚ್ಚು ಎಂದು ಅವನಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಉಂಗುರ ಮುಟ್ಟಿದಾಗಲೆಲ್ಲ ಒಂದೆರಡು ಚಮಚ ಒಳ್ಳೆಯ ಪುಡಿಯನ್ನು ಸುಮ್ಮನೆ ಬೀಸಿ ಕಸದ ಡಬ್ಬಿಗೆ ತಟ್ಟುವಳು. ಮೊದಲ ದಿನ ಹೇಳಿದ ಐವತ್ತು ಮಾತಿನಲ್ಲಿ ಅದೂ ಒಂದಿತ್ತು: "ತಿರುಗಿಸಿದ ಮೇಲೆ ಒಂದಿಷ್ಟು ಹೊರಗೆ ಹಾಕಿಬಿಡು ಅಣ್ಣ." ಅವನು ಹೂಂ ಎಂದಿದ್ದ, ಹಾಕಿರಲಿಲ್ಲ. ಹಾಕಲು ಕೈ ಬರಲಿಲ್ಲ. ಯಾರೋ ಬಿಸಿಲಲ್ಲಿ ನಿಂತು ಒಂದೊಂದೇ ಹಣ್ಣು ಕಿತ್ತದ್ದು, ಒಣಗಿಸಿದ್ದು, ಹುರಿದದ್ದು, ಹೀಗೆ ಕಸಕ್ಕೆ ಸುರಿಯುವುದೇ? ಚಿಕ್ಕಂದಿನಿಂದ ಇವಳ ಕೈ ಸಡಿಲ, ಪೆನ್ಸಿಲ್ಲಿನ ಮೊನೆ ಚೂಪಾಗಲಿಲ್ಲವೆಂದು ಪೆನ್ಸಿಲ್ಲನ್ನೇ ಹೆರೆದು ಮುಗಿಸುವವಳು. ತಾನಾದರೂ ಉಳಿಸೋಣ ಎಂದು ಅವನು ಒಂದು ಕಾಳು ಹೊರಗೆ ಹೋಗದ ಹಾಗೆ ಕೆಲಸ ಮಾಡುತ್ತಿದ್ದ. ಅವನು ಹಾಗೆ ಮಾಡುವುದನ್ನು ತಂಗಿ ನೋಡಿದ್ದಳೋ ಇಲ್ಲವೋ. ನೋಡಿದ್ದರೂ ಎರಡನೆಯ ಸಲ ಹೇಳಿರಲಿಲ್ಲ.

ಬಾಗಿಲಿನ ಅರ್ಧ ಎತ್ತಿದ ಶಟರಿನ ಕೆಳಗಿಂದ ಗಡಿಯಾರದಮ್ಮ ಬಗ್ಗಿ ಒಳಗೆ ಬಂದಳು. ಪಕ್ಕದ ಅಂಗಡಿಯಲ್ಲಿ ವಾಚು ರಿಪೇರಿ ಮಾಡುವ, ಎಪ್ಪತ್ತು ದಾಟಿದ ಹೆಂಗಸು. ಹಣೆಯ ಮೇಲೆ ಮೂರನೆಯ ಕಣ್ಣಿನಂತೆ ಭೂತಗನ್ನಡಿ.

"ಇನ್ನೂ ಪರೀಕ್ಷೆ ನಡೀತಿದ್ಯಾ ನೀರಗಂಟಿಗಳದ್ದು? ಪಾಸಾ, ಡುಮ್ಕಿಯಾ?"

"ಮೇಷ್ಟ್ರನ್ನ ಕೇಳಿ," ಎಂದ ಅವನು, ತಂಗಿಯತ್ತ ಗದ್ದ ತೋರಿಸಿ.

"ಮೇಷ್ಟ್ರ ಮುಖ ನೋಡಿದ್ರೆ ಗೊತ್ತಾಗುತ್ತೆ ಬಿಡಿ. ಮಗಾ, ನಾಳೆ ಬರೋನು ಹೇಗಿದ್ದಾನೆ? ನನ್ನ ಕಾಫೀಲಿ ಹೂವು ಗೀವು ಬಿಡಿಸೋನಲ್ಲ ತಾನೆ?"

"ಬರೋನೋ ಬಿಡೋನೋ, ಹತ್ತು ಗಂಟೆಗೆ ಗೊತ್ತಾಗುತ್ತೆ ಕಣಮ್ಮ," ಎಂದಳು ತಂಗಿ. ಹೊರಗೆ ಹಾಲಿನ ಗಾಡಿ ಹಾರ್ನ್ ಹೊಡೆಯಿತು. ಅವಳು ಎದ್ದು, "ಕ್ರೇಟ್ ಎಣಿಸಿ ಬರ್ತೀನಿ," ಎಂದು ಶಟರಿನ ಕೆಳಗೆ ನುಸುಳಿದಳು. ಹೋಗುವಾಗ ಗಡಿಯಾರ ನೋಡಿದಳು. ಒಂಬತ್ತೂ ಮುಕ್ಕಾಲು. ನೋಡಿದ್ದನ್ನು ಅವನು ನೋಡಿದ.

"ಕಾಫಿ ಆಗೋಷ್ಟರಲ್ಲಿ ಒಂದು ಲೋಟ ನೀರಾದ್ರೂ ಕೊಡ್ತೀರಾ, ಅದಕ್ಕೂ ಪರೀಕ್ಷೆನಾ?"

ಮೂಲೆಯಲ್ಲಿ ಕುಡಿಯುವ ನೀರಿನ ನಲ್ಲಿ. ಬೆಳಿಗ್ಗೆಯಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಅವನು ಲೋಟ ಹಿಡಿದು ನಲ್ಲಿ ತಿರುಗಿಸಿ, ಲೋಟವನ್ನು ಪಕ್ಕಕ್ಕೆ ಸರಿಸಿ, ನೀರನ್ನು ಹಾಗೇ ಹರಿಯಲು ಬಿಟ್ಟ.

"ಅಯ್ಯೋ, ನೀರಗಂಟೀನೇ ನೀರು ಚೆಲ್ತಾರಲ್ರೀ!"

"ಮೊದಲು ಬರೋದು ಬಿಟ್ಬಿಡ್ಬೇಕು ಕಣ್ರೀ. ಪೈಪಲ್ಲಿ ನಿಂತಿರೋದು ನಿನ್ನೆ ನೀರು."

ಮೂವತ್ತನಾಲ್ಕು ವರ್ಷ ಬೀದಿ ಬೀದಿಯಲ್ಲಿ ಹೇಳಿದ ಮಾತು, ನಾಲಗೆಗೆ ರೂಢಿಯಾದದ್ದು. ಕೊಡ ಹಿಡಿದು ನುಗ್ಗುವ ಹೆಂಗಸರಿಗೆ, ಬಣ್ಣ ಬಂತು, ವಾಸನೆ ಬಂತು ಎಂದು ಜಗಳಕ್ಕೆ ಬರುವ ಗಂಡಸರಿಗೆ, ಎರಡು ಕೊಡ ಬಿಟ್ಟು ಹಿಡೀರಿ, ಇವತ್ತಿನ ನೀರು ಇನ್ನೂ ಬರಬೇಕು, ನಿನ್ನೆಯದನ್ನು ಕುಡಿದು ಇವತ್ತಿನದನ್ನು ಬಯ್ಯಬೇಡಿ. ಮಾತು ಬಾಯಿಂದ ಹೊರಬಿದ್ದು ಅಂಗಡಿಯ ಗೋಡೆಗೆ ತಾಗಿ ಅವನ ಕಿವಿಗೇ ವಾಪಸು ಬಂತು. ಮತ್ತೆ ನಲ್ಲಿಗೆ ಹಿಡಿದ ಲೋಟ ತುಂಬಿ ಉಕ್ಕಿ ಕೈಮೇಲೆ ಹರಿಯುತ್ತಿತ್ತು. ಅವನು ತಿರುಗಿ ಗ್ರೈಂಡರಿನ ಕಡೆ ನೋಡಿದ. ಹಲ್ಲುಚಕ್ರಗಳಿಂದ ಮೂತಿಯ ತನಕ ಒಂದು ಗೇಣು ಕೊಳವೆ. ಅದೂ ಪೈಪು. ಅದರಲ್ಲೂ ನಿಂತಿರುತ್ತದೆ. ಉಂಗುರ ತಿರುಗಿಸಿದ ಮೇಲೆ ಮೊದಲು ಉದುರುವುದು ತಿರುಗಿಸುವುದಕ್ಕೆ ಮುಂಚಿನ ಪುಡಿ. ಅವನು ಹುಳಿ ಎಂದು ಸಣ್ಣಗೆ ಮಾಡಿದ್ದು, ಕಹಿ ಎಂದು ದಪ್ಪಗೆ ಮಾಡಿದ್ದು, ಯಾವುದರ ರುಚಿಯೂ ಅವನ ಬಟ್ಟಲಿಗೆ ಆ ಸಲ ಪೂರ್ತಿ ಬಂದಿರಲೇ ಇಲ್ಲ. ಹಿಂದಿನದರ ತಪ್ಪಿಗೆ ಈಗಿನದಕ್ಕೆ ಶಿಕ್ಷೆ, ಈಗಿನದರ ತಪ್ಪಿಗೆ ಮುಂದಿನದಕ್ಕೆ. ಮೂರು ವಾರ. ಅವಳು ಕಸದ ಡಬ್ಬಿಗೆ ತಟ್ಟುತ್ತಿದ್ದದ್ದು ಪೋಲಲ್ಲ. ಅವಳು ಹೇಳಿದ್ದಳು, ಒಂದು ಸಲ. ಹಿರಿಯನಿಗೆ ಒಂದು ಮಾತನ್ನು ಎರಡು ಸಲ ಹೇಳುವ ಮನೆಯಲ್ಲಿ ಅವಳು ಬೆಳೆದಿರಲಿಲ್ಲ.

"ಏನ್ರೀ, ಗರ ಬಡಿದವರ ಹಾಗೆ ನಿಂತ್ರಿ?"

ಅವನು ನಲ್ಲಿ ನಿಲ್ಲಿಸಿ ಲೋಟವನ್ನು ಅವಳ ಮುಂದಿಟ್ಟ. ಉಂಗುರವನ್ನು ಎಂಟನೆಯ ಬಟ್ಟಲಿನ ಗುರುತಿಗೆ ತಂದು, ಅಲ್ಲಿಂದ ಅರ್ಧ ಕೂದಲೆಳೆ ಸಣ್ಣಕ್ಕೆ ಸರಿಸಿದ. ಗ್ರೈಂಡರ್ ಓಡಿಸಿ ಎರಡು ಚಮಚ ಪುಡಿ ಅಂಗೈಗೆ ಹಿಡಿದ. ಬೆಚ್ಚಗಿತ್ತು, ಮರಿಹಕ್ಕಿಯಂತೆ. ಕಸದ ಡಬ್ಬಿಯ ಮೇಲೆ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅಂಗೈ ಮಗುಚಿದ.

ಹದಿನೆಂಟು ಗ್ರಾಂ. ಬೆರಳಲ್ಲಿ ತಟ್ಟಿ ಮಟ್ಟ ಮಾಡಿದ. ಮೊಣಕೈ ನೆಟ್ಟಗೆ. ಒತ್ತಿದಾಗ ಪುಡಿ ಅವನ ಅಂಗೈಗೆ ತಿರುಗಿ ಒತ್ತಿ, ಸಾಕು ಎಂದಿತು. ಹ್ಯಾಂಡಲ್ ಸಿಕ್ಕಿಸಿ ಗುಂಡಿ ಅದುಮಿದ. ಒಳಗೆಲ್ಲೋ ಪಂಪು ಗಂಟಲು ಸರಿಮಾಡಿಕೊಂಡಿತು. ಮುಳ್ಳು ಎದ್ದಿತು. ಮೂರು, ಅವನ ಟ್ಯಾಂಕು, ಆರು, ಚಪ್ಪಡಿಕಲ್ಲು, ಒಂಬತ್ತು. ಏನೂ ಬರಲಿಲ್ಲ. ನಾಲ್ಕು ಸೆಕೆಂಡು, ಐದು, ಆರು. ತೊಂಬತ್ತು ಮೀಟರ್ ನೀರು ಒಂದು ಬೆರಳು ದಪ್ಪದ ಬಿಲ್ಲೆಯ ಮೇಲೆ ನಿಂತು ಬಾಗಿಲು ತಟ್ಟುತ್ತಿದೆ, ಬಿಲ್ಲೆಯ ಕಣ ಕಣವೂ ಹೆಗಲಿಗೆ ಹೆಗಲು ಕೊಟ್ಟು ತಡೆದಿದೆ, ಎಲ್ಲೂ ಸಂದಿ ಇಲ್ಲ, ಸೋಮಾರಿಗೆ ಕಳ್ಳದಾರಿ ಇಲ್ಲ. ಏಳನೆಯ ಸೆಕೆಂಡಿಗೆ ಬಟ್ಟಲಿನ ಮೇಲೆ ಒಂದು ಹನಿ ಮೂಡಿತು, ಕಪ್ಪಗೆ, ಮೊಲದ ಕಣ್ಣಿನಷ್ಟು. ಅದು ಬೀಳದೆ ತೂಗಿತು. ಪಕ್ಕದಲ್ಲಿ ಇನ್ನೊಂದು. ಎರಡೂ ಉದ್ದವಾಗಿ, ಕೂಡಿಕೊಂಡು, ಒಂದು ಎಳೆಯಾಗಿ ಇಳಿಯಿತು, ಜೇನು ಚಮಚದಿಂದ ಇಳಿಯುವಂತೆ, ತುದಿಯಲ್ಲಿ ಇಲಿಬಾಲದ ಹಾಗೆ ಸಣ್ಣಗೆ ಬಾಗಿ. ಕಪ್ಪು ಕಂದಾಯಿತು, ಕಂದು ಕೆಂಪಾಯಿತು, ಎಳೆಯೊಳಗೇ ಹುಲಿಯ ಮೈಯಂತೆ ಪಟ್ಟೆ ಓಡತೊಡಗಿದವು. ಸದ್ದಿಲ್ಲ. ಇಷ್ಟು ಬಲ ಇಷ್ಟು ಮೆತ್ತಗೆ ಬರುವುದನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಅವನು ಕಂಡ ನೀರೆಲ್ಲ ಬಲವಿದ್ದರೆ ಅಬ್ಬರಿಸಿತ್ತು. ಬಟ್ಟಲಿನಲ್ಲಿ ಕೆನೆ ತಳದಿಂದ ಮೇಲಕ್ಕೆ ಮೋಡದಂತೆ ಏಳುತ್ತಿತ್ತು, ಎದ್ದದ್ದು ಮತ್ತೆ ಇಳಿಯುತ್ತಿತ್ತು, ಚಿನ್ನದ ಬಣ್ಣ ಒಂದು ಅಂಚಿನಿಂದ ಹಬ್ಬಿ ಮುಚ್ಚಿತು. ಇಪ್ಪತ್ತೆಂಟು. ಆ ಎಳೆ ಒಣಹುಲ್ಲಿನ ಬಣ್ಣಕ್ಕೆ ತಿರುಗುವ ಮುಂಚೆ ಕೈ ತಾನಾಗಿ ಹೋಗಿ ಗುಂಡಿ ಅದುಮಿತು. ಗಡಿಯಾರದಮ್ಮ ಯಾವಾಗಲೋ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡಿದ್ದಳು.

ತಂಗಿಯನ್ನು ಕರೆಯಬೇಕು. ಕರೆಯಲು ಬಾಯಿ ತೆರೆದ. ಹೊರಗೆ ಅವಳು ಹಾಲಿನವನ ಜತೆ ವಾದಿಸುತ್ತಿದ್ದಳು, ಒಂದು ಕ್ರೇಟು ಒಡೆದಿದೆಯಂತೆ. ಬಟ್ಟಲಿನ ಕೆನೆ ಸಣ್ಣಗೆ ಉಸಿರಾಡುತ್ತಿತ್ತು. ಇದರ ಆಯುಸ್ಸು ಒಂದೆರಡು ನಿಮಿಷ, ಆಮೇಲೆ ಬರೀ ಕಾಫಿ ಎಂದು ಅವಳೇ ಹೇಳಿದ್ದಳು. ಬಟ್ಟಲು ಎತ್ತಿದ, ಶಟರಿನ ಕಡೆ ಎರಡು ಹೆಜ್ಜೆ ಇಟ್ಟ. ವಾಸನೆ ಮೂಗಿಗಲ್ಲ, ಹಣೆಯ ಒಳಗಡೆಗೆ ಬಂತು. ಅವನು ನಿಂತ. ನಿಂತಲ್ಲೇ ಕುಡಿದ.

ಮೊದಲ ಗುಟುಕು ಭಾರವಾಗಿತ್ತು, ರೇಷ್ಮೆ ಒದ್ದೆಯಾದರೆ ಇರುವ ಭಾರ. ಕಹಿ ಇತ್ತು, ಆದರೆ ಕಹಿ ಹೊಸಿಲಿನ ತನಕ ಬಂದು ದಾರಿ ಬಿಟ್ಟು ನಿಂತಿತು, ಅದರ ಹಿಂದೆ ಯಾವುದೋ ಹಣ್ಣು, ಸುಟ್ಟ ಸಕ್ಕರೆ, ಕೊನೆಗೆ ಹೆಸರಿಡಲಾಗದ ಒಂದು ಸಿಹಿ, ಅದರಲ್ಲಿ ಒಂದು ಕಾಳು ಸಕ್ಕರೆ ಇಲ್ಲ ಎಂದು ಅವನ ಕೈಗೆ ಗೊತ್ತಿತ್ತು. ಅವಳು ಅವತ್ತು ಎರಡೂ ಕೈಯಿಂದ ತಂದುಕೊಟ್ಟದ್ದು ಇದು. ಇದನ್ನೇ. ಬೆವರುತ್ತ. ಅವನು ಇದನ್ನು ಲೋಟದ ಬಿಸಿನೀರಿನಲ್ಲಿ ಮುಳುಗಿಸಿ ಸಾಯಿಸಿದ್ದ, ಚಿಕ್ಕಪ್ಪ ಅತ್ತೆಯರೆಲ್ಲ ನೋಡುತ್ತಿದ್ದಂತೆ. ಎರಡನೆಯ ಗುಟುಕಿಗೆ ಬಟ್ಟಲು ಖಾಲಿಯಾಯಿತು.

"ಆಯ್ತಾ ಹತ್ತನೇದು?" ತಂಗಿ ಶಟರಿನ ಕೆಳಗಿಂದ ಎದ್ದು ನಿಂತಳು. "ಎಲ್ಲಿ?"

ಅವನ ಕೈಯಲ್ಲಿ ಖಾಲಿ ಬಟ್ಟಲು. "ಕುಡಿದ್ಬಿಟ್ಟೆ."

"ನಂಗೆ?"

"ಇಡೋಕೆ ಆಗ್ಲಿಲ್ಲಮ್ಮ."

"ಕಂಡೆ ಕಣೆ ನಾನೂ," ಎಂದಳು ಗಡಿಯಾರದಮ್ಮ, "ಕಳ್ಳ ಬೆಕ್ಕಿನ ಹಾಗೆ ಕುಡಿದ್ರು."

ತಂಗಿ ಹತ್ತಿರ ಬಂದು ಎಡಗೈಯಲ್ಲಿ ಬಟ್ಟಲು ತೆಗೆದುಕೊಂಡಳು. ಒಳಗಡೆ ಅಂಟಿದ ಕಂದು ಬಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಬಹಳ ಹೊತ್ತು ಹಿಡಿದಳು. ತೊಳೆಯದ ಖಾಲಿ ಬಟ್ಟಲು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ಕಸುಬಿನ ಮಾತು.

"ಪುಡಿ ಬಿಟ್ಟೆಯಾ ಅಣ್ಣ?"

"ಬಿಟ್ಟೆ. ಎರಡು ಚಮಚ."

"ಹೊಟ್ಟೆ ಉರೀಲಿಲ್ವಾ?"

"ಉರೀತು."

ಅವಳ ತುಟಿಯ ಒಂದು ತುದಿ ಅಲುಗಿತು. ಅವನಿಗೆ ಈಗ ಹೇಳಬೇಕೆನಿಸಿತು, ಎಂಟು ವರ್ಷದ್ದೆಲ್ಲ ನಾಲಗೆಯ ಬುಡಕ್ಕೆ ಬಂದು ಒತ್ತುತ್ತಿತ್ತು. "ಅವತ್ತು, ಅಂಗಡಿ ತೆಗೆದ ದಿನ, ನಾನು..."

"ಗಿರಾಕಿ ಬಂದ್ರು," ಎಂದಳು ಅವಳು. ಶಟರಿನ ಕೆಳಗೆ ನಿಜಕ್ಕೂ ಎರಡು ಜೊತೆ ಕಾಲು ನಿಂತಿದ್ದವು. ಬಟ್ಟಲನ್ನು ಅವಳು ತೊಟ್ಟಿಗೆ ಹಾಕಲಿಲ್ಲ, ನಗದು ಪೆಟ್ಟಿಗೆಯ ಪಕ್ಕ ಇಟ್ಟುಕೊಂಡಳು. "ಶಟರ್ ಎತ್ತು. ಆಮೇಲೆ ನಾಳೆ ಬರೋ ಆ ಹುಡುಗನಿಗೆ ಫೋನ್ ಮಾಡಿ ಬೇಡ ಅಂತ ಹೇಳ್ಬೇಕು, ಪಾಪ."

ಅವನು ಶಟರ್ ಎತ್ತಿದ. ಬಿಸಿಲು ಮೇಜಿನ ತನಕ ಬಂತು. ಮೊದಲು ಬಂದವರು ಎರಡು ಎಸ್ಪ್ರೆಸೊ ಕೇಳಿದರು, ಆಫೀಸಿಗೆ ತಡವಾಗಿದೆಯಂತೆ. ಗಡಿಯಾರದಮ್ಮ, "ನಾನು ಮೊದಲು ಬಂದಿದ್ದು!" ಎಂದು ಕಿರುಚಿದಳು. ಅವನು ತೂಗಿದ, ಒತ್ತಿದ, ಸಿಕ್ಕಿಸಿದ. ಮುಳ್ಳು ಒಂಬತ್ತಕ್ಕೆ ಏರಿತು, ಒಂದೂ ಬಟ್ಟಲು ಕಿಣಿ ಅನ್ನಲಿಲ್ಲ, ಆ ಕಪ್ಪು ಹನಿ ಬಂದು ತೂಗಿತು. ಸರಿಯೋ ತಪ್ಪೋ ಎಂದು ರೂಢಿಯಂತೆ ಅವನು ತಂಗಿಯ ಮುಖದತ್ತ ನೋಡಿದ. ಮುಖ ಕಾಣಲಿಲ್ಲ. ಅವಳು ಸ್ಟೂಲನ್ನು ಆ ಕಡೆ ತಿರುಗಿಸಿಕೊಂಡು, ಯಂತ್ರಕ್ಕೂ ಅವನಿಗೂ ಬೆನ್ನು ಹಾಕಿ, ಪಟ್ಟಿ ಸುತ್ತಿದ ಕೈಯನ್ನು ಬಿಸಿಲಿಗೆ ಚಾಚಿ, ರಸ್ತೆಯಲ್ಲಿ ಹೋಗಿ ಬರುವವರನ್ನು ನೋಡುತ್ತ ಕುಳಿತಿದ್ದಳು.